ಬಿದ್ದ ಸೇತುವೆಗಳ ಕಲ್ಲು

ಡೋಣಿ ಹೊಳೆಯ ದಂಡೆ, ಜೂನ್ ೩೧, ೨೧೪೮

ಎಂಜಿನಿಯರಿಂಗ್ ಕಾಲೇಜುಗಳ ಪಟ್ಟಿಯನ್ನು ಮುಂದಿಟ್ಟುಕೊಂಡು ಕುಳಿತಿರುವ ಹಿಂದಿನವರಿಗೆ,

ಜೂನ್ ತಿಂಗಳಿಗೆ ಮೂವತ್ತೊಂದನೆಯ ದಿನ ಎಲ್ಲಿಂದ ಬಂತೆಂದು ಕೇಳುವಿರಿ. ನಮ್ಮ ಕಾಲದಲ್ಲಿ ಪಂಚಾಂಗವನ್ನು ಎರಡು ಸಲ ತಿದ್ದಿದ್ದಾರೆ. ಏಕೆಂದು ಯಾರೂ ನನಗೆ ಸರಿಯಾಗಿ ಹೇಳಿಲ್ಲ. ಈ ಪತ್ರದಲ್ಲಿ ನಿಮ್ಮ ನಿಘಂಟಿನಲ್ಲಿಲ್ಲದ ಕೆಲವು ಪದಗಳೂ ಬರುತ್ತವೆ. ಅವನ್ನು ಹುಟ್ಟಿಸಿದವನು ನಾನಲ್ಲ, ಆದರೂ ಕ್ಷಮೆ ಇರಲಿ. ನನ್ನ ಹೆಸರು ಅಡಿವೆಪ್ಪ ಕುಂಬಾರ. ನಲವತ್ತು ವರ್ಷ ಊರಿನ ಗ್ರಂಥಾಲಯ ನೋಡಿಕೊಂಡವನು. ನಿಮ್ಮ ಕಾಲದ ಕಾಲೇಜು ಜಾಹೀರಾತುಗಳನ್ನೂ ಓದಿದ್ದೇನೆ. ನಗದೆ ನಿಂತ ಒಬ್ಬ ವಿದ್ಯಾರ್ಥಿಯೂ ಅವುಗಳಲ್ಲಿ ಸಿಗಲಿಲ್ಲ. ನನ್ನ ಅನುಮಾನ ಅಲ್ಲಿಂದಲೇ ಶುರುವಾಯಿತೆನ್ನಬಹುದು.

ನಮ್ಮಲ್ಲಿ ಯಾವ ಸೇತುವೆ ಕಟ್ಟಿದರೂ ಅದರ ಕಂಬದಲ್ಲಿ ಹೊಣೆಗಲ್ಲು ಕೂರಿಸಬೇಕು. ಅದು ಮೊಳದುದ್ದದ ಕರಿಕಲ್ಲು. ಅದರ ಮೇಲೆ ಕಟ್ಟಿದ ಎಂಜಿನಿಯರ್ ಹೆಸರು, ಅದರ ಕೆಳಗೆ ಅವರು ಕಲಿತ ಕಾಲೇಜಿನ ಹೆಸರು. ಮಕ್ಕಳು ಎಂಜಿನಿಯರಿಂಗಿಗೆ ಹೊರಟ ವರ್ಷ ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಕಲ್ಲೆಣಿಕೆಗೆ ಹೋಗುತ್ತಾರೆ. ಸೇತುವೆಯಿಂದ ಸೇತುವೆಗೆ ಹೋಗಿ ಯಾವ ಕಾಲೇಜಿನ ಕಲ್ಲು ಎಷ್ಟಿವೆ ಎಂದು ಎಣಿಸುವುದು, ನಡುವೆ ನೆರಳು ಕಂಡಲ್ಲಿ ಕಡಕ್ ರೊಟ್ಟಿ, ಶೇಂಗಾ ಚಟ್ನಿ ತಿನ್ನುವುದು, ಸಂಜೆಗೆ ಮಗುವಿನ ಭವಿಷ್ಯ ತಿಳಿದುಹೋಯಿತೆಂದು ಮನೆಗೆ ಬರುವುದು. ಮೂವತ್ತು ವರ್ಷಗಳ ಹಿಂದೆ ನನ್ನ ಮಗ ಬಸಲಿಂಗನನ್ನು ನಾನೇ ಹೀಗೆ ಕರೆದೊಯ್ದಿದ್ದೆ.

ಎಣಿಕೆಯಲ್ಲಿ ಅಂದೂ ಇಂದೂ ಗೆಲ್ಲುವುದು ಹೇಮಶಿಖರ ವಿಶ್ವವಿದ್ಯಾಲಯ. ಅಲ್ಲಿ ಕಲಿತರೆ ಹದಿನಾಲ್ಕು ಕಟ್ಟುವರ್ಷ. ಎಂದರೆ, ಪದವಿಯ ನಂತರ ಹದಿನಾಲ್ಕು ವರ್ಷ ಅವರು ಕಳಿಸಿದ ಕಡೆ, ಹೇಳಿದ ಕೆಲಸ ಮಾಡಬೇಕು. ನಿಮ್ಮ ಕಾಲದ ಶುಲ್ಕವನ್ನು ನಾವು ಆಯುಷ್ಯದಲ್ಲಿ ತೆರುತ್ತೇವೆ. ನಮ್ಮೂರಿನ ಡೋಣಿದಂಡೆ ಕಾಲೇಜಿಗೆ ಎರಡೇ ಕಟ್ಟುವರ್ಷ. ಹೋದ ವರ್ಷ ಮೇ ತಿಂಗಳಲ್ಲಿ ನನ್ನ ಮೊಮ್ಮಗಳು ನೀಲಾಂಬಿಕೆಗೆ ಎರಡೂ ಕಡೆ ಸೀಟು ಸಿಕ್ಕಿತು. ಉತ್ತರ ಕೊಡಲು ಒಂದು ವಾರವಿತ್ತು. ಬಸಲಿಂಗ ಕಲ್ಲೆಣಿಕೆ ಮುಗಿಸಿ ಬಂದ.

“ಅರವತ್ತೊಂದಕ್ಕ ಒಂಬತ್ತು. ಇದರಾಗ ವಿಚಾರ ಮಾಡೂದು ಏನೈತಿ?” ಎಂದ. “ಶಿಖರದವರು ಕಟ್ಟಿದ್ದು ಒಂದರ ಬಿದ್ದೈತೇನು?”

“ಬಿದ್ದದ್ದರ ಕಲ್ಲು ನೀ ಎಲ್ಲಿ ಎಣಿಸಿದಿ?”

“ಅಪ್ಪಾ, ನೀ ಪುಸ್ತಕದಾಗಿನ ಹುಳಾ ಕಂಡರೂ ಅದರ ಊರು ಯಾವುದು ಅಂತ ಕೇಳಾಂವ.”

ಅವನ ಮೇಲೆ ನನಗೆ ಸಿಟ್ಟಿಲ್ಲ. ಮಗಳು ಹುಟ್ಟಿದಾಗ ಅವನಿನ್ನೂ ಹೇಮಶಿಖರದ ಕಟ್ಟುವರ್ಷದಲ್ಲಿದ್ದ. ಆಕೆ ಅವನ ಮುಖ ನೋಡಿದ್ದು ಐದು ತುಂಬಿದ ಮೇಲೆ. ಅಷ್ಟು ತೆತ್ತವನಿಗೆ ಅದು ಹೆಚ್ಚಾಯಿತೆಂದು ಒಪ್ಪುವುದು ಕಷ್ಟ.

ಆದರೆ ನನಗೆ ನೆನಪಿದೆ. ಎಂಟು ವರ್ಷದವನಿದ್ದಾಗ ಹೊಳೆಯ ತಿರುವಿನಲ್ಲಿದ್ದ ಸೇತುವೆ ಮೊದಲ ಪ್ರವಾಹಕ್ಕೇ ಕುಸಿಯಿತು. ಅದರ ಹೊಣೆಗಲ್ಲಿನ ಮೇಲೆ ಬೆರಳಾಡಿಸಿ ನಾನು ಒತ್ತಕ್ಷರ ಕಲಿತಿದ್ದೆ. ಅಲ್ಲಿದ್ದದ್ದು ಹೇಮಶಿಖರದ ಹೆಸರು. ದಾಖಲೆ ಕಚೇರಿಗೆ ಹೋಗಿ ಕೇಳಿದೆ. ಆ ಸೇತುವೆ ಬಿದ್ದೇ ಇಲ್ಲವಂತೆ. ‘ಸೇವೆಯಿಂದ ನಿವೃತ್ತಿ’ ಹೊಂದಿದೆಯಂತೆ.

ನೀಲಾ ನನ್ನ ನೆನಪನ್ನೂ ನಂಬಲಿಲ್ಲ. ಸರಿಯಾಗಿಯೇ ಮಾಡಿದಳು. ಮರುದಿನ ಇಬ್ಬರೂ ಬತ್ತಿದ ಹೊಳೆಗಿಳಿದೆವು. ಮುರಿದ ಕಂಬ ಕೆಸರಿನಲ್ಲಿ ಓರೆಯಾಗಿ ಬಿದ್ದಿತ್ತು. ಕಲ್ಲು ಇರಬೇಕಾದ ಕಡೆ ಬರೀ ಗೂಡು. ನೀಲಾ ಮೊಣಕೈವರೆಗೆ ಕೈ ತೂರಿಸಿ ಒಳಗೆಲ್ಲ ತಡಕಾಡಿದಳು.

“ಅಜ್ಜಾ, ನಾಕೂ ಮೂಲಿ ನೆಟ್ಟಗದಾವ. ಹೊಳಿಗೆ ಉಳಿ ಹಿಡಿಯಾಕ ಬರತೈತೇನು?”

ಅಗ್ಗದ ಕಾಲೇಜೆಂಬ ಕಾರಣಕ್ಕೆ ನಾನು ಡೋಣಿದಂಡೆಯನ್ನೂ ನಂಬಿದವನಲ್ಲ. ಬಡತನ ಪ್ರಾಮಾಣಿಕತೆಯ ಸರ್ಟಿಫಿಕೇಟ್ ಅಲ್ಲ. ಅಲ್ಲಿಯ ಪ್ರಾಂಶುಪಾಲರಾದ ಕಾಶೀಬಾಯಿ ಹೂಗಾರ ಅವರ ಎದುರು ನೀಲಾಳೊಡನೆ ಕುಳಿತು, ನಿಮ್ಮವರು ಕಟ್ಟಿದ್ದರಲ್ಲಿ ಬಿದ್ದದ್ದು ಯಾವುದೆಂದು ಕೇಳಿದೆ. ಅವರು ಎದ್ದು ನಮ್ಮನ್ನು ಹಿತ್ತಲಿಗೆ ಕರೆದೊಯ್ದರು. ಬೇವಿನ ಮರದಡಿ ಮೂರು ಹೊಣೆಗಲ್ಲುಗಳಿದ್ದವು, ತೊಳೆದಿಟ್ಟಂತೆ.

“ಇವು ನಮ್ಮವ ರೀ. ಈ ನಡುವಿಂದು ಬಿದ್ದಾಗ ಇಬ್ಬರು ಸತ್ತರು. ಮೊದಲನೇ ಪಾಠ ಇಲ್ಲೇ ಕುಂತು ಮಾಡತೇವಿ,” ಎಂದರು. “ಇವನ್ನ ನೋಡಿದ ಮ್ಯಾಲೆ ಅರ್ಧಾ ಮಂದಿ ಹೊಳ್ಳಿ ಹೋಗತಾರ. ನೀವೂ ಹೋಗಬಹುದು.”

ನೀಲಾ ಅಲ್ಲಿಯೇ ಸಹಿ ಹಾಕಿದಳು. ಬಸಲಿಂಗ ಇಂದಿಗೂ ನನ್ನೊಡನೆ ನೆಟ್ಟಗೆ ಮಾತಾಡುವುದಿಲ್ಲ. ಹೊಳೆಯ ತಿರುವಿಗೆ ಬಾ ಎಂದರೆ ಕೆಲಸವಿದೆ ಎನ್ನುತ್ತಾನೆ.

ನಿಮ್ಮಲ್ಲೂ ಈಗ ಆಯ್ಕೆಯ ಕೊನೆಯ ದಿನ ಹತ್ತಿರ ಬಂದಿರಬೇಕು. ದೊಡ್ಡ ಹೆಸರಿನ ಕಾಲೇಜು ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ನನಗೆ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ. ಗೆದ್ದವರ ಫೋಟೋಗಳನ್ನು ಗೋಡೆ ತುಂಬ ತೋರಿಸುತ್ತಾರೆ, ನೋಡಿ. ಆಮೇಲೆ, ಸೇರಿ ಅರ್ಧಕ್ಕೆ ಬಿಟ್ಟವರು ಎಲ್ಲಿ, ಕೆಲಸ ಸಿಗದವರು ಎಷ್ಟು, ಕಟ್ಟಿದ್ದರಲ್ಲಿ ಕೆಟ್ಟದ್ದು ಯಾವುದು ಎಂದು ಕೇಳಿ. ಎರಡೂ ಕಡೆ ಕೇಳಿ. ಉತ್ತರಕ್ಕಿಂತ ಮೊದಲು ಕಾಫಿ ಬಂದರೆ ಕುಡಿದು, ಮತ್ತೆ ಕೇಳಿ.

ನೀಲಾಳಿಗೆ ಈ ತಿಂಗಳು ಹೊಣೆಗಲ್ಲು ಕೆತ್ತುವ ಪಾಠ. ತನ್ನ ಹೆಸರನ್ನು ತಾನೇ ಕೊರೆಯಬೇಕು. ಮೇಷ್ಟ್ರು ಎರಡು ಸಲ ಕಲ್ಲನ್ನು ಹಿಂದಿರುಗಿಸಿದ್ದಾರೆ. ಅಕ್ಷರ ಚೆಂದವೇ ಇವೆ, ಆಳ ಸಾಲದಂತೆ. “ತಂಗೀ, ಸೇತುವೆ ಬಿದ್ದು ನೂರು ವರ್ಷ ನೀರಾಗ ಮಕ್ಕೊಂಡ್ರೂ ನಿನ್ನ ಹೆಸರು ಓದಾಕ ಬರಬೇಕು,” ಎಂದರಂತೆ. ಅಂಗಳದಲ್ಲಿ ಕುಳಿತು ಆಕೆ ಮೂರನೆಯ ಸಲ ಕೊರೆಯುತ್ತಿದ್ದಾಳೆ.

ನಿಮಗಿಂತ ಬಹಳ ತಡವಾಗಿ ಹುಟ್ಟಿದ,
ಅಡಿವೆಪ್ಪ ಕುಂಬಾರ