ಎರಡು ವರ್ಷದ ಸುಳ್ಳು

೧೧ ಮಾರ್ಚ್ ೧೯೯೩, ಗುರುವಾರ

ನಾನು ನಾನೇ ಅಲ್ಲವಂತೆ. ಗ್ರಾಮ ಕಚೇರಿಯ ಸ್ನಿಜಾನಾ ಹೇಳಿದಳು. ಯುದ್ಧದ ಕಾಲದ ಜರ್ಮನರ ಸೆರೆಶಿಬಿರದಿಂದ ಬಿಡುಗಡೆಯಾದಾಗ ಕೊಟ್ಟ ಚೀಟಿಯಲ್ಲಿ ಹುಟ್ಟಿದ ವರ್ಷ ೧೯೨೫, ಪಾಸ್‌ಪೋರ್ಟಿನಲ್ಲಿ ೧೯೨೭. ಜರ್ಮನಿಯಿಂದ ಜೀವಂತ ಬಂದವರನ್ನೆಲ್ಲ ಸೋವಿಯತ್ ಸಾಹೇಬರು ಅನುಮಾನಿಸುತ್ತಿದ್ದಾಗ ಆ ಚೀಟಿಯನ್ನು ಜೇನುಪೆಟ್ಟಿಗೆಯ ತಳದಲ್ಲಿ ಬಚ್ಚಿಟ್ಟು ಉಳಿಸಿದ್ದೆ. ನನ್ನಷ್ಟು ಜಾಣ ಈ ಊರಲ್ಲಿ ಇನ್ನೊಬ್ಬನಿಲ್ಲ.

"ಓನಿಸ್ಕೊ ಮಾಮ, ಪಾಸ್‌ಪೋರ್ಟೇ ತಪ್ಪು ಅಂತ ಅರ್ಜಿ ಬರ್ಕೊಡು. ಬದುಕುಳಿದವರ ಪ್ರಮಾಣಪತ್ರ ನಾಳೆನೇ ಕೊಡ್ತೀನಿ."

"ತಪ್ಪಿರೋದು ಚೀಟೀಲಿ ಕಣಮ್ಮ. ಶಿಬಿರದ ಬಾಗಿಲಲ್ಲಿ ಜರ್ಮನರು ಚಿಕ್ಕವರನ್ನ ಬೇರೆ ಸಾಲಿಗೆ, ಸಾಯೋರ ಸಾಲಿಗೆ ತಳ್ತಿದ್ರು. ನಾನು ತುದಿಗಾಲಲ್ಲಿ ನಿಂತು, ದನಿ ದಪ್ಪ ಮಾಡಿ, ಹದಿನೆಂಟು ಅಂದೆ. ನಂಬಿದ್ರು, ಪೆದ್ದರು."

"ಅದೇ ಸುಳ್ಳನ್ನ ಇನ್ನೊಂದ್ಸಲ ಹೇಳು, ಏನೀಗ?"

ಏನೀಗ ಅಂತೆ. ಅವತ್ತು ಸುಳ್ಳು ಹೇಳದಿದ್ದರೆ ಸಾಯುತ್ತಿದ್ದೆ. ಇವತ್ತು ನನಗೆ ಯಾರ ಭಯ? ಪ್ರಮಾಣಪತ್ರ ಸಿಗದಿದ್ದರೂ ಸರಿ, ಅಮ್ಮ ಹೆತ್ತ ವರ್ಷವನ್ನು ಶಿಬಿರದವರ ಪುಸ್ತಕ ನೋಡಿ ತಿದ್ದಲಾರೆ.

ಅವತ್ತು ಸಾಲಿನಲ್ಲಿ ನನ್ನ ಪಕ್ಕ ನಿಂತಿದ್ದ ಹ್ರಿನ್ಕೊ ಹದಿನಾರು ಎಂದು ನಿಜವನ್ನೇ ಹೇಳಿದ್ದ. ಅವನ ಹೆಸರಿಗೆ ಯಾವ ಚೀಟಿಯೂ ಇಲ್ಲ.

ನಾಳೆ ಅರ್ಜಿ ಬರೆಯುತ್ತೇನೆ. ಹೌದು, ಮೋಸ ಮಾಡಿದೆ, ಚೀಟಿಯ ಮೇಲಿರುವ ಮೋಸ ಹೋದವರ ಮುದ್ರೆಯೇ ಸಾಕ್ಷಿ ಎಂದು. ಕೆಳಗೆ ಹ್ರಿನ್ಕೊನ ಹೆಸರನ್ನೂ ಬರೆಯುತ್ತೇನೆ, ಹುಟ್ಟಿದ್ದು ೧೯೨೭. ಅದನ್ನು ತಿದ್ದಲಿ ನೋಡೋಣ, ಆ ಸ್ನಿಜಾನಾ.