ಹುಲ್ಲಲ್ಲ ಸ್ವಾಮೀ, ಅದು ಸ್ಟ್ರಾ

ಮಾನ್ಯ ಪರಿಸರ ಅಧಿಕಾರಿಗಳೇ,

ರಾತ್ರಿ ಎರಡೂವರೆಗೆ ನನ್ನನ್ನು ಎಬ್ಬಿಸಿದ್ದು ಒಂದು ಸದ್ದು. ಗ್ಲಾಸಿನ ತಳದಲ್ಲಿ ಉಳಿದ ಕೊನೆಯ ಗುಟುಕನ್ನು ಸ್ಟ್ರಾದಲ್ಲಿ ಎಳೆಯುವಾಗ ಬರುತ್ತದಲ್ಲ, ಸೊರ್ರೆಂದು ಶುರುವಾಗಿ ಸಣ್ಣ ಸಿಳ್ಳೆಯಲ್ಲಿ ಮುಗಿಯುವ ಸದ್ದು, ಥೇಟು ಅದೇ. ಆದರೆ ಕೋಣೆಯಲ್ಲಿ ಗ್ಲಾಸೂ ಇರಲಿಲ್ಲ, ಸ್ಟ್ರಾವೂ ಇರಲಿಲ್ಲ. ಅದು ನನ್ನ ಮೂರು ವರ್ಷದ ಮಗಳು ತನ್ವಿಯ ಎದೆಯೊಳಗಿಂದ ಬರುತ್ತಿತ್ತು. ಅವಳನ್ನು ಭುಜಕ್ಕೆ ಒರಗಿಸಿಕೊಂಡು, ಒಂದೇ ಕೈಯಲ್ಲಿ ಫೋನು ಹಿಡಿದು ಇದನ್ನು ಬರೆಯುತ್ತಿದ್ದೇನೆ. ಅಕ್ಷರ ತಪ್ಪಿದರೆ ಕ್ಷಮಿಸಿ. ತಮ್ಮ ಕಚೇರಿಯ ಕನ್ನಡದಷ್ಟು ತಪ್ಪಲಾರದು ಎಂಬ ಧೈರ್ಯ ಮಾತ್ರ ನನಗಿದೆ.

ನನ್ನ ದೂರು ಇಷ್ಟೇ. ಬೆಳಗಾದರೆ ತಾವು ನಮ್ಮ ಮನೆಯ ಹಿಂದಿನ ಮೈದಾನದಲ್ಲಿ, ಅಂಗಡಿಗಳಿಂದ ವಶಪಡಿಸಿಕೊಂಡ ಪ್ಲಾಸ್ಟಿಕ್ ಸ್ಟ್ರಾಗಳನ್ನು ಗೋಣಿಗಟ್ಟಲೆ ರಾಶಿ ಹಾಕಿಸಿ ಬೆಂಕಿ ಕೊಡಿಸಲಿದ್ದೀರಿ. ಯಾಕೆ? ಮಾಲಿನ್ಯ ತಡೆಯಲಿಕ್ಕೆ! ಅಂಗನವಾಡಿಯ ಮಕ್ಕಳನ್ನು ಸುತ್ತ ನಿಲ್ಲಿಸಿ, ಚಪ್ಪಾಳೆ ತಟ್ಟಿಸಿ, ಫೋಟೋ ತೆಗೆಸಿ ನಡೆಸುವ ಈ ಹೋಮವನ್ನು ನಿಲ್ಲಿಸಿ ಎಂದು ಕೇಳಲು ಬಂದಿದ್ದೇನೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಮೂರೂ ಕಡೆಯ ಬಸ್ಸು ಬಂದು ನಿಲ್ಲುವ ನಮ್ಮ ಸಣ್ಣ ಪೇಟೆಯ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ತಪ್ಪು ಪೇಟೆಯದ್ದಲ್ಲ, ಮತ್ತು ಯಾವ ಪೇಟೆ ಎಂದು ತಮಗೆ ಗೊತ್ತಿದೆ.

ಮೊದಲೇ ಹೇಳಿಬಿಡುತ್ತೇನೆ, ಸ್ಟ್ರಾಗಳ ಪರವಾಗಿ ವಕಾಲತ್ತು ಹಾಕುವವಳು ನಾನಲ್ಲ. ಮದುವೆಗೆ ಮೊದಲು ಎರಡು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವಳು. ಮಕ್ಕಳನ್ನು ಕರೆದುಕೊಂಡು ಬಸ್‌ಸ್ಟ್ಯಾಂಡಿನ ಚರಂಡಿ ಕೆದಕಿಸಿದ್ದೇನೆ. ಕೋಲು ಹಾಕಿದರೆ ಮೊದಲು ಮೇಲೆ ಬರುತ್ತಿದ್ದದ್ದು ಸ್ಟ್ರಾಗಳ ಗಂಟು, ಬಚ್ಚಲ ಜಾಲರಿಯಲ್ಲಿ ಕೂದಲು ಸಿಕ್ಕಿಕೊಂಡ ಹಾಗೆ ಒಂದಕ್ಕೊಂದು ಹೆಣೆದುಕೊಂಡು. ಐದು ನಿಮಿಷದ ಬಾಯಾರಿಕೆಗೆ ನಮ್ಮ ಮೊಮ್ಮಕ್ಕಳ ಕಾಲಕ್ಕೂ ಕರಗದ ಸಾಮಾನು ಯಾಕೆ ಬೇಕು? ನಿಷೇಧ ಬಂದಾಗ ಖುಷಿಪಟ್ಟವರಲ್ಲಿ ನಾನೂ ಒಬ್ಬಳು. ನಮ್ಮ ಅತ್ತೆ ಅನಂತಮತಿಯಮ್ಮ ಲೋಟವನ್ನು ತುಟಿಗೆ ತಾಗಿಸದೆ ಎತ್ತಿ ಕುಡಿಯುವವರು. ಅವರಿಗೆ ನಿಷೇಧ ಎಂದರೇನು ಎಂದೇ ಅರ್ಥವಾಗಲಿಲ್ಲ. "ನೀರು ಕುಡಿಲಿಕ್ಕೂ ಪೈಪ್ ಹಾಕ್ತಾ ಇದ್ರಾ ಇಷ್ಟು ದಿನ?" ಎಂದು ಕೇಳಿದ್ದರು.

ಎಡವಟ್ಟಾದದ್ದು ಒಂದು ಶಬ್ದದಲ್ಲಿ. ಕಳೆದ ತಿಂಗಳು ಕಸದ ಗಾಡಿಯ ಮೈಕಿನಲ್ಲಿ ತಮ್ಮ ಘೋಷಣೆ ಕೇಳಿಬಂತು: "ಏಕಬಳಕೆಯ ಪ್ಲಾಸ್ಟಿಕ್ ಹುಲ್ಲನ್ನು ಮಾರುವುದು, ದಾಸ್ತಾನು ಇಡುವುದು ಶಿಕ್ಷಾರ್ಹ ಅಪರಾಧ." ಹುಲ್ಲು! ಇಂಗ್ಲಿಷಿನಲ್ಲಿ ಸ್ಟ್ರಾ ಎಂದರೆ ಕುಡಿಯುವ ಕೊಳವೆಯೂ ಹೌದು, ದನ ತಿನ್ನುವ ಬೈಹುಲ್ಲೂ ಹೌದು. ತಮ್ಮಲ್ಲಿ ಯಾರೋ ಆದೇಶವನ್ನು ಮೊಬೈಲಿಗೆ ಹಾಕಿ ಕನ್ನಡ ಮಾಡಿಸಿರಬೇಕು. ಮೊಬೈಲು ದನದ ಕಡೆಯ ಅರ್ಥವನ್ನು ಕೊಟ್ಟಿದೆ. ಅದನ್ನು ಒಮ್ಮೆ ಓದಿ ನೋಡುವ ಮನುಷ್ಯರು ಕಚೇರಿಯಲ್ಲಿ ಯಾರೂ ಇರಲಿಲ್ಲವೇ?

ಮೂಲೆಯ ಜ್ಯೂಸ್ ಅಂಗಡಿಯ ಹನೀಫಾಕ ಸೀಯಾಳ ಕೆತ್ತುತ್ತಿದ್ದವರು ಕತ್ತಿ ಹಿಡಿದುಕೊಂಡೇ ರಸ್ತೆಗೆ ಬಂದರು. ಅವರಿಗೆ ನಾನು ಇನ್ನೂ ಟೀಚರೇ. (ನಮ್ಮ ಮಾತೆಲ್ಲ ನಡೆಯುವುದು ತುಳುವಿನಲ್ಲಿ. ತಾವು ಘಟ್ಟದ ಮೇಲಿನವರಾದ್ದರಿಂದ ಕನ್ನಡ ಮಾಡಿದ್ದೇನೆ, ಮೊಬೈಲಿನ ಸಹಾಯವಿಲ್ಲದೆ.)

"ಪ್ಲಾಸ್ಟಿಕ್ ಹುಲ್ಲಾ? ಅದನ್ನು ತಿನ್ನುವ ದನ ಯಾರಲ್ಲಿ ಉಂಟು ಟೀಚರೇ?"

"ಸ್ಟ್ರಾ ಇರಬೇಕು ಹನೀಫಾಕ."

"ಸ್ಟ್ರಾಕ್ಕೆ ಸ್ಟ್ರಾ ಅಂತ ಹೇಳ್ಲಿಕ್ಕೆ ಇವರಿಗೆ ಬಾಯಿನೋವಾ? ಹುಲ್ಲು ಅಂದ್ರೆ ನಾನು ಯಾಕೆ ಹೆದರುದು? ನನ್ನಲ್ಲಿ ಹುಲ್ಲು ಇಲ್ಲ."

ನಿಜವಾಗಿ ಸಿಕ್ಕಿಬಿದ್ದವರು ಶಾಮಿಯಾನದ ಶಶಿರಾಜಣ್ಣ. ಮದುವೆಯ ಸ್ಟೇಜಿಗೆ ಹಾಸುವ ಹಸಿರು ಪ್ಲಾಸ್ಟಿಕ್ ಹುಲ್ಲಿನ ಹಾಸು ಈ ಪೇಟೆಯಲ್ಲಿ ಇರುವುದು ಅವರಲ್ಲಿ ಮಾತ್ರ. ಮಾರನೆಯ ದಿನವೇ ತಮ್ಮ ಸಿಬ್ಬಂದಿ ಬಂದು ಅದನ್ನು ಸುರುಳಿ ಸುತ್ತಿದರು. "ನನ್ನ ಮೂವರು ತಂಗಿಯರ ಮದುವೆಗೂ ಇದನ್ನೇ ಹಾಸಿದ್ದು ಮಾರಾಯ್ರೆ! ಏಕಬಳಕೆ ಹೇಗಾಗ್ತದೆ?" ಎಂದು ಶಶಿರಾಜಣ್ಣ ಗಾಡಿಯ ಹಿಂದೆ ಓಡಿದರು. ಪೇಟೆಯಿಡೀ ನಕ್ಕಿತು. ನಾನೂ ನಕ್ಕೆ. ಆಗ ತನ್ವಿಯ ಉಸಿರು ಸರಿ ಇತ್ತು, ನಗಲು ಪುರುಸೊತ್ತಿತ್ತು.

ಆಮೇಲೆ ಮೇಲಿನಿಂದ ಯಾರೋ ಹುಲ್ಲೆಂದರೆ ಯಾವ ಹುಲ್ಲು ಎಂದು ತಿಳಿಸಿ ಹೇಳಿದರಂತೆ. ಸ್ಟ್ರಾಗಳು ಗೋಣಿಗೆ ಬಿದ್ದವು, ಹನೀಫಾಕನವೂ ಬಿದ್ದವು. ಆದರೆ ಮೈಕಿನ ಶಬ್ದ ಬದಲಾಗಲಿಲ್ಲ, ಯಾಕೆಂದರೆ ಅಷ್ಟರಲ್ಲಿ ಫ್ಲೆಕ್ಸ್ ಮುದ್ರಣವಾಗಿತ್ತು. ಈಗಲೂ ಮೈದಾನದ ಬಾಗಿಲಲ್ಲಿ ಅದು ತೂಗುತ್ತಿದೆ, "ಪ್ಲಾಸ್ಟಿಕ್ ಹುಲ್ಲು ಮುಕ್ತ ಪೇಟೆ" ಎಂದು, ಅಪ್ಪಟ ಪ್ಲಾಸ್ಟಿಕ್ಕಿನ ಮೇಲೆ. ಶಶಿರಾಜಣ್ಣನ ಹಾಸೂ ಹಿಂದೆ ಬರಲಿಲ್ಲ. ಹುಲ್ಲೆಂದು ಬರೆದ ಮೇಲೆ ಹುಲ್ಲೇ ಅಲ್ಲವೇ?

ತಪ್ಪು ಶಬ್ದವೊಂದು ನಗಿಸಿ ಸುಮ್ಮನಾಗುತ್ತದೆ ಎಂದುಕೊಂಡಿದ್ದೆ. ಆಗಲಿಲ್ಲ. ತಮ್ಮ ಕಚೇರಿಯಿಂದ ಸ್ವಚ್ಛತಾ ಮೇಲ್ವಿಚಾರಕ ರಮಾನಾಥಣ್ಣನಿಗೆ ಆದೇಶ ಹೋಯಿತು, ಹುಲ್ಲನ್ನು ಸ್ಥಳೀಯ ಪದ್ಧತಿಯಂತೆ ವಿಲೇವಾರಿ ಮಾಡತಕ್ಕದ್ದು ಎಂದು. ಹುಲ್ಲಿಗೆ ನಮ್ಮಲ್ಲಿರುವ ಪದ್ಧತಿ ತಮಗೆ ತಿಳಿದಿರಲಿಕ್ಕಿಲ್ಲ. ತರಗೆಲೆ, ಕಡ್ಡಿ, ಹಾಳಾದ ಬೈಹುಲ್ಲು ಎಲ್ಲ ಒಟ್ಟು ಮಾಡಿ, ಮೇಲೆ ಮಣ್ಣು ಮುಚ್ಚಿ, ಒಳಗಿನಿಂದ ನಿಧಾನ ಬೇಯಿಸುತ್ತಾರೆ. ಅದು ಸುಡುಮಣ್ಣು. ಬಸಳೆಗೆ, ಮಲ್ಲಿಗೆಗೆ ಒಳ್ಳೆಯ ಗೊಬ್ಬರ. ಭಗ್ಗನೆ ಉರಿದು ಮುಗಿಯುವ ಬೆಂಕಿಯಲ್ಲ ಅದು, ಎರಡು ಮೂರು ದಿನ ಒಳಗೊಳಗೇ ಹೊಗೆಯಾಡುತ್ತದೆ.

ಬೆಳಗಾದರೆ ಆಗುವುದು ಪ್ಲಾಸ್ಟಿಕ್ಕಿನ ಸುಡುಮಣ್ಣು. ಅದನ್ನು ಹಾಕುವುದು ಎಲ್ಲಿಗೆ ಗೊತ್ತೇ? ಅಂಗನವಾಡಿಯ ಬಸಳೆ ಚಪ್ಪರದ ಬುಡಕ್ಕೆ.

ಇದು ಬರೀ ಹೆದರಿಕೆಯಲ್ಲ, ನಮಗೆ ಇದರ ರುಚಿ ಗೊತ್ತಾಗಿದೆ. ಕಳೆದ ಗುರುವಾರ ಸಂಜೆ, ಹೇಗೆ ಹಿಡಿಯುತ್ತದೆ ನೋಡುವ ಎಂದು ಒಂದೇ ಒಂದು ಗೋಣಿಗೆ ಬೆಂಕಿ ಕೊಟ್ಟರು. ಚಳಿಗಾಲದ ಸಂಜೆ, ಹೊಗೆ ಮೇಲೇಳಲಿಲ್ಲ. ನೆಲ ಹಿಡಿದು ಗೋಡೆ ದಾಟಿ ನಮ್ಮ ಅಂಗಳಕ್ಕೆ ಬಂತು. ಸಿಹಿಯಾದ, ಮೇಣದಂಥ, ಗಂಟಲಿಗೆ ಅಂಟಿಕೊಳ್ಳುವ ವಾಸನೆ. ಅತ್ತೆ ಓಡಿ ಹೋಗಿ ನಲ್ಲಿಗೆ ಕಟ್ಟಿದ್ದ ಬಟ್ಟೆಯನ್ನು ಬಿಚ್ಚಿ ತಂದರು. ನಾವು ಜೈನರು, ಕಣ್ಣಿಗೆ ಕಾಣದ ಜೀವ ಸಾಯಬಾರದೆಂದು ನೀರನ್ನು ಸೋಸಿಯೇ ಕುಡಿಯುವವರು. ಆ ಬಟ್ಟೆಯನ್ನೇ ಒದ್ದೆ ಮಾಡಿ ತನ್ವಿಯ ಕೋಣೆಯ ಕಿಟಕಿಗೆ ಕಟ್ಟಿದರು. ಸ್ವಲ್ಪ ಹೊತ್ತಿನಲ್ಲಿ ಬಿಳಿ ಬಟ್ಟೆಯ ನಡುವೆ ಬೂದುಬಣ್ಣದ ಕಲೆ ಮೂಡಿತು. "ನೀರನ್ನಾದ್ರೆ ಸೋಸ್ಬಹುದು ಮಗಾ, ಗಾಳಿಯನ್ನು ಹೇಗೆ ಸೋಸುದು?" ಎಂದು ಕೈಚೆಲ್ಲಿ ಕೂತರು. ಅತ್ತೆ ಕೈಚೆಲ್ಲಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಅಷ್ಟರಲ್ಲಿ ಮಗುವಿನ ಪಕ್ಕೆ ಒಳಗೆ ಹೋಗಿ ಹೊರಗೆ ಬರತೊಡಗಿತ್ತು. ಗಂಡ ಕೆಲಸದ ಮೇಲೆ ಊರಲ್ಲಿರಲಿಲ್ಲ, ಇವತ್ತೂ ಇಲ್ಲ. ಹನೀಫಾಕ ಅಂಗಡಿಯ ಶಟರು ಅರ್ಧ ಎಳೆದು, ತಮ್ಮ ಓಮ್ನಿಯಲ್ಲಿ ನಮ್ಮನ್ನು ಮೂಡುಬಿದಿರೆಯ ಆಸ್ಪತ್ರೆಗೆ ಕರೆದುಕೊಂಡು ಹೋದರು. ದಾರಿಯಿಡೀ ಅವರು ಹೇಳಿದ್ದು ಒಂದೇ ಮಾತು: "ನನ್ನ ಸ್ಟ್ರಾವೇ ಬಂದು ನಿನ್ನ ಎದೆಯಲ್ಲಿ ಕೂತಿತಲ್ಲ ಮೋಳೇ, ನನ್ನ ಮಗಳೇ." ಮುಖಕ್ಕೆ ಮಾಸ್ಕ್ ಇಟ್ಟು ಔಷಧಿಯ ಆವಿ ಕೊಟ್ಟ ಮೇಲೆ ಅವಳು ಕಣ್ಣು ಬಿಟ್ಟಳು. ಉಸಿರಿನ ಜೊತೆ ಔಷಧಿ ಎಳೆದುಕೊಳ್ಳುವ ಪಂಪು ಕೊಟ್ಟು ಕಳಿಸಿದರು, ಆದರೂ ರಾತ್ರಿಯಾದರೆ ಆ ಸದ್ದು ಮರಳಿ ಬರುತ್ತದೆ.

ಅವಳಿಗೆ ಹೇಗನಿಸುತ್ತಿದೆ ಎಂದು ಡಾಕ್ಟರನ್ನು ಕೇಳಿದೆ. ಮೂರು ವರ್ಷದ ಮಗು ಬಾಯಿಬಿಟ್ಟು ಹೇಳುತ್ತದೆಯೇ? ಅವರು ಹೇಳಿದರು, "ಒಂದು ಸ್ಟ್ರಾ ತಗೊಳ್ಳಿ. ಮೂಗು ಹಿಡ್ಕೊಂಡು ಅದರಲ್ಲೇ ಉಸಿರಾಡಿ. ಹಾಗೇ ಎದ್ದು ನಾಲ್ಕು ಹೆಜ್ಜೆ ನಡೀರಿ. ನಿಮ್ಮ ಮಗಳಿಗೆ ಈಗ ಹಾಗಾಗ್ತಾ ಉಂಟು." ಮನೆಗೆ ಬಂದು ಮಾಡಿ ನೋಡಿದೆ. ಅಡುಗೆಮನೆಯಿಂದ ಜಗಲಿಗೆ ತಲುಪುವಷ್ಟರಲ್ಲಿ ನನಗೆ ಹೆದರಿಕೆಯಾಗಿ ಸ್ಟ್ರಾ ಎಸೆದುಬಿಟ್ಟೆ. ನಾನು ಎಸೆಯಬಹುದಿತ್ತು, ಎಸೆದೆ. ಅವಳು ಏನನ್ನು ಎಸೆಯಬೇಕು?

ಮರುದಿನವೇ ತಮ್ಮ ಕಚೇರಿಗೆ ಬಂದೆ. ತಾವು ಸಭೆಯಲ್ಲಿದ್ದಿರಿ, ಪ್ಲಾಸ್ಟಿಕ್ ನಿಷೇಧದ ಸಭೆ. ಹೊರಗೆ ಕುಳಿತವರಿಗೆ ಮಾವಿನಹಣ್ಣಿನ ಜ್ಯೂಸಿನ ಪೊಟ್ಟಣ ಹಂಚಿದರು, ಬೆನ್ನಿಗೆ ಸ್ಟ್ರಾ ಅಂಟಿಸಿದ್ದು. ಸ್ಟ್ರಾ ಕಾಗದದ್ದು, ನಿಜ. ಅದನ್ನು ಸುತ್ತಿದ ಕವರು ಪ್ಲಾಸ್ಟಿಕ್ಕಿನದು. ಒಳಗಿನಿಂದ ಬಂದ ಗುಮಾಸ್ತರು ನನ್ನ ಮಾತು ಕೇಳಿ "ನೋಡುವ" ಎಂದರು. ನಮ್ಮ ಕಡೆ "ನೋಡುವ" ಎಂದರೆ ಯಾರೂ ನೋಡುವುದಿಲ್ಲ ಎಂದು ತಮಗೆ ಇನ್ನೂ ಯಾರೂ ಹೇಳಿಲ್ಲವೇನೋ. ಮತ್ತೆ ಒತ್ತಾಯಿಸಿದಾಗ ಅವರು ಒಂದು ಪರಿಹಾರವನ್ನೂ ಸೂಚಿಸಿದರು: "ಒಂದು ದಿನ ಅಮ್ಮನ ಮನೆಗೆ ಹೋಗಿ ಬನ್ನಿ." ನನ್ನ ತವರು ನಾರಾವಿ. ಹೋಗಬಹುದು. ಹೊಗೆ ಮೂರು ದಿನ ಇರುತ್ತದೆ, ಮೂರು ದಿನವೂ ಇರಬಹುದು. ಆದರೆ ಬೆಂಕಿಯ ಸುತ್ತ ಹಾಡು ಹೇಳಲು ನಿಲ್ಲುವ ಅಂಗನವಾಡಿಯ ಮಕ್ಕಳು ಯಾರ ತವರಿಗೆ ಹೋಗಬೇಕು? ಪಕ್ಕದ ಮನೆಯ ಜಸೀಲಾಳ ಮಗ ಸಿನಾನ್ ಆ ಸಾಲಿನಲ್ಲಿ ಮೊದಲಿಗ, ಗಿಡ್ಡ ಇರುವುದರಿಂದ. ಅವನ ಚೀಲದಲ್ಲೂ ತನ್ವಿಯದೇ ಬಣ್ಣದ ಪಂಪು ಇದೆ. ವಾರದಿಂದ ಅವನು ಆ ಹಾಡನ್ನು ಗೋಡೆಯಾಚೆ ಅಭ್ಯಾಸ ಮಾಡುತ್ತಿದ್ದಾನೆ, ನಡುನಡುವೆ ಕೆಮ್ಮಿಕೊಂಡು.

ಬಯಲಿನಲ್ಲಿ ಪ್ಲಾಸ್ಟಿಕ್ ಸುಡಬಾರದು ಎಂಬುದೂ ಸರ್ಕಾರದ್ದೇ ನಿಯಮ ಎಂದು ತಮಗೆ ನಾನು ಹೇಳಿಕೊಡಬೇಕೇ? ಚರಂಡಿಯಲ್ಲಿದ್ದ ಸ್ಟ್ರಾವನ್ನು ಕೋಲು ಹಾಕಿ ಎತ್ತಬಹುದಿತ್ತು. ಸುಟ್ಟ ಸ್ಟ್ರಾವನ್ನು ಮಗುವಿನ ಎದೆಯಿಂದ ಎತ್ತುವ ಕೋಲು ಯಾವ ಇಲಾಖೆಯಲ್ಲಿದೆ? ನಿಷೇಧ ಮಾಡಿದ್ದು ಸ್ಟ್ರಾ ನಮ್ಮ ಕಣ್ಣಿಗೆ ಕಾಣಬಾರದೆಂದೋ, ನಮ್ಮ ಮೈಗೆ ತಾಗಬಾರದೆಂದೋ? ಕಾಣಬಾರದೆಂಬುದೇ ಉದ್ದೇಶವಾದರೆ ತಾವು ಗೆದ್ದಿರಿ. ಹೊಗೆಯಾದ ಮೇಲೆ ಅದು ಯಾರಿಗೂ ಕಾಣುವುದಿಲ್ಲ, ಸದ್ದು ಮಾತ್ರ ಕೇಳುತ್ತದೆ. ನನಗೆ ಈಗ ಕೇಳುತ್ತಿದೆ. ಗೋಣಿಯ ಬಾಯಿ ಕಟ್ಟಿ ಪ್ಲಾಸ್ಟಿಕ್ ಕರಗಿಸಿ ಬೇರೆ ಸಾಮಾನು ಮಾಡುವವರಿಗೆ ಕೊಟ್ಟರೆ ಆಗುತ್ತಿತ್ತು. ಅದರಲ್ಲಿ ಫೋಟೋ ಇಲ್ಲ, ಅಷ್ಟೇ.

ನಿನ್ನೆ ಸಂಜೆ ರಮಾನಾಥಣ್ಣ ಮೈದಾನದಲ್ಲಿ ರಾಶಿ ಜೋಡಿಸುತ್ತಿದ್ದರು. ಕೆಳಗೆ ತರಗೆಲೆ, ಅದರ ಮೇಲೆ ಗೋಣಿಗಳು, ಎಲ್ಲದರ ಮೇಲೆ ಶಶಿರಾಜಣ್ಣನ ಹಸಿರು ಹಾಸು. ಗೋಡೆಯ ಈಚೆಯಿಂದ ಕೇಳಿದೆ.

"ರಮಾನಾಥಣ್ಣ, ಅದು ಹುಲ್ಲಲ್ಲ ಅಂತ ನಿಮಗೆ ಗೊತ್ತುಂಟಲ್ಲ?"

"ನನಗೆ ಗೊತ್ತಿದ್ರೆ ಏನು ಬಂತು ಟೀಚರ್? ಬಂದದ್ದು ಹುಲ್ಲು ಅಂತ. ಹುಲ್ಲನ್ನು ನಾವು ಸುಡುಮಣ್ಣಿಗೇ ಹಾಕುದು."

"ಮಗು ನಿಮ್ಮ ಕಣ್ಣೆದುರೇ ಆಸ್ಪತ್ರೆಗೆ ಹೋದದ್ದು."

ಅವರು ತಲೆಗೆ ಸುತ್ತಿದ್ದ ಬೈರಾಸು ಬಿಚ್ಚಿ ಮುಖ ಒರೆಸಿಕೊಂಡರು. "ಸಾಹೇಬರ ಒಂದು ಫೋನ್ ಬರ್ಲಿ. ಬೆಂಕಿಪೆಟ್ಟಿಗೆ ಕಿಸೆಯಿಂದ ಹೊರಗೆ ತೆಗೆಯುದಿಲ್ಲ ನಾನು, ಆಣೆ. ಫೋನ್ ಬಾರದೆ ನಿಲ್ಲಿಸಿದ್ರೆ ನಾಡಿದ್ದು ನನ್ನ ಕೆಲಸ ಇಲ್ಲ."

ಅವರನ್ನು ನಾನು ಬೈಯಲಾರೆ. ಆದ್ದರಿಂದ, ಮಾನ್ಯರೇ, ನನ್ನ ಬೇಡಿಕೆ ಒಂದು ಫೋನಿನಷ್ಟು ಸಣ್ಣದು. ರಮಾನಾಥಣ್ಣನಿಗೆ ಹೇಳಿ, "ಅದು ಹುಲ್ಲಲ್ಲ, ಸ್ಟ್ರಾ. ಸುಡಬೇಡ." ಎರಡೇ ವಾಕ್ಯ. ನಂಬಿಕೆ ಬಾರದಿದ್ದರೆ ವಶಪಡಿಸಿಕೊಂಡ ಗೋಣಿಯಿಂದ ಮೊದಲು ಒಂದು ಸ್ಟ್ರಾ ತೆಗೆದುಕೊಳ್ಳಿ, ತಮ್ಮಲ್ಲಿ ಅದಕ್ಕೇನೂ ಬರಗಾಲವಿಲ್ಲ. ಮೂಗು ಹಿಡಿದುಕೊಳ್ಳಿ. ಮಂಚದಿಂದ ಬಾಗಿಲವರೆಗೆ ನಡೆಯಿರಿ. ಬಾಗಿಲು ಮುಟ್ಟುವ ಮೊದಲು ತಾವೇ ಫೋನ್ ಹುಡುಕುತ್ತೀರಿ.

ಇಂತಿ,
ಮಗಳ ಉಸಿರಿಗೆ ಕಿವಿಗೊಟ್ಟು ಕೂತಿರುವ, ಒಂದು ಕಾಲದಲ್ಲಿ ತಮ್ಮ ನಿಷೇಧಕ್ಕೆ ಚಪ್ಪಾಳೆ ತಟ್ಟಿದ,
ಸಾಧನಾ

ಪೇಟೆಯ ಗ್ರೂಪುಗಳಲ್ಲಿ ಇದನ್ನು ಓದುವವರಿಗೆ ಒಂದು ಮಾತು. ಪತ್ರಿಕೆಗೆ ಕಳಿಸಿದರೆ ನಾಡಿದ್ದು ಬರುತ್ತದೆ, ಅಷ್ಟರಲ್ಲಿ ಸುಡುಮಣ್ಣು ಬೆಂದಿರುತ್ತದೆ. ಅದಕ್ಕೇ ಇಲ್ಲಿ ಹಾಕುತ್ತಿದ್ದೇನೆ. ಅಧಿಕಾರಿಗಳ ಮೊಬೈಲು ಸಂಜೆಯಿಂದ ಸ್ವಿಚ್ ಆಫ್. ಅವರ ಮನೆಯ ನಂಬರು ನಿಮ್ಮಲ್ಲಿ ಯಾರಲ್ಲಾದರೂ ಇರಬಹುದು, ಅವರ ಡ್ರೈವರಿನದ್ದು, ನೆರೆಮನೆಯವರದ್ದು, ಹಾಲು ಹಾಕುವವರದ್ದು. ನಿದ್ದೆ ಹಾಳಾಯಿತೆಂದು ಬೈದರೆ ಬೈಯಲಿ, ನನ್ನ ಹೆಸರು ಹೇಳಿ. ರಮಾನಾಥಣ್ಣ ಸೂರ್ಯ ಹುಟ್ಟುವ ಹೊತ್ತಿಗೆ ಬರುತ್ತಾರೆ, ಬೆಂಕಿಪೆಟ್ಟಿಗೆ ಅವರ ಕಿಸೆಯಲ್ಲೇ ಇದೆ. ತನ್ವಿ ಈಗಷ್ಟೇ ಸ್ವಲ್ಪ ಕಣ್ಣು ಮುಚ್ಚಿದ್ದಾಳೆ. ದಮ್ಮಯ್ಯ, ನೋಡುವ ಎನ್ನಬೇಡಿ. ಬೆಳಗಾಗುವ ಮೊದಲು ಫೋನ್ ಮಾಡಿ.