ಅಕ್ಕನ ವಿಶ್ರಾಂತಿ

ಏಪ್ರಿಲ್ 9, ಬೆಳಿಗ್ಗೆ

ಇವತ್ತೂ ಬೆಳಕು ಹರಿಯುವ ಮೊದಲೇ ಎಚ್ಚರ. ಎದ್ದು ಮಾಡುವುದೇನೂ ಇಲ್ಲ. ಹಾಸಿಗೆ ಸರಿಮಾಡಿದೆ. ಆಮೇಲೆ ನೆನಪಾಯಿತು, ಇಲ್ಲಿ ಅದಕ್ಕೂ ಒಬ್ಬರು ಬರುತ್ತಾರೆ. ಎಸಿ ಹಾಕಿದರೆ ಗಡಗಡ ನಡುಕ. ಬಾಲ್ಕನಿ ಬಾಗಿಲು ತೆಗೆದರೆ ಒಲೆಯ ಮುಂದೆ ಕೂತ ಹಾಗೆ. ನಡುವಿನದು ಯಾವುದೂ ಇಲ್ಲ.

ತಮ್ಮ ಬಾಗಿಲು ತಟ್ಟಿದ. ಕೈಯಲ್ಲಿ ನೀರಿನ ಬಾಟಲ್.

"ನೀರು ಕುಡಿದ್ಯಾ ಅಕ್ಕ? ಈ ಬಿಸಿಲಲ್ಲಿ ನಿನಗಿರೋ ಒಂದನ್ನ ಜೋಪಾನ ಮಾಡ್ಕೋಬೇಕು."

ಒಂದು ಎಂದರೆ ಕಿಡ್ನಿ. ಇನ್ನೊಂದು ಡಿಸೆಂಬರ್‌ನಿಂದ ಅವನೊಳಗಿದೆ. ಅದಕ್ಕೇ ಈ ರೆಸಾರ್ಟು, ಒಂದು ವಾರ. ನಾನು ಬರೀ ರೆಸ್ಟ್ ತೆಗೆದುಕೊಳ್ಳಬೇಕೆಂದು ಅಪ್ಪಣೆ.

ರೆಸ್ಟ್ ತೆಗೆದುಕೊಂಡೂ ತೆಗೆದುಕೊಂಡೂ ಮೈ ನೋಯುತ್ತಿದೆ.

ಏಪ್ರಿಲ್ 9, ಮಧ್ಯಾಹ್ನ

ಈಜುಕೊಳದ ಪಕ್ಕ. ನಮ್ಮ ಅವತಾರ ನೋಡಬೇಕು. ತಮ್ಮನಿಗೆ ಬಿಸಿಲು ಆಗದು, ತೆಗೆದುಕೊಳ್ಳುವ ಮಾತ್ರೆಗಳು ಹಾಗಿವೆ. ಉದ್ದ ತೋಳಿನ ಅಂಗಿ, ಅಗಲ ಟೋಪಿ, ಛತ್ರಿಯ ಕೆಳಗೆ ಕುರ್ಚಿ. ನೀರಿಗೆ ಇಳಿಯುವಂತಿಲ್ಲ — ಇನ್ಫೆಕ್ಷನ್ ಭಯ. ಬಫೆಯಲ್ಲಿ ಹೆಚ್ಚಿಟ್ಟ ಹಣ್ಣು ಮುಟ್ಟುವಂತಿಲ್ಲ. ಅವನಿಗೆ ಆಗದ್ದನ್ನೆಲ್ಲ ಒಂದೇ ಕಾಂಪೌಂಡಿನೊಳಗೆ ಸೇರಿಸಿದ ಹಾಗಿದೆ ಈ ಜಾಗ. ನನಗೋ ಈಜು ಬಾರದು. ಅವನ ಹೆಂಡತಿಯೊಬ್ಬಳೇ ನೀರಲ್ಲಿ ಕಾಲು ಇಳಿಬಿಟ್ಟು ಕೂತಿದ್ದಾಳೆ, ನಮ್ಮಿಬ್ಬರ ಪರವಾಗಿ.

ಜ್ಯೂಸ್ ತಂದ ವೇಟರ್‌ಗೂ ಹೇಳಿದ. "ನಮ್ಮಕ್ಕ. ಇವರಿಂದಾನೇ ನಾನು ಬದುಕಿರೋದು. ದೇವರು ಕಣ್ರೀ." ವೇಟರ್ ಪಾಪ, ಟ್ರೇ ಹಿಡಿದುಕೊಂಡೇ ತಲೆ ಬಾಗಿಸಿದ. ನಾನು ದೇವರ ಹಾಗೆ ನಕ್ಕೆ. ಕೆನ್ನೆ ನೋವು.

ಏಪ್ರಿಲ್ 10

ಸ್ಪಾಗೆ ಕಳಿಸಿದ. ಮಸಾಜ್ ಮಾಡುವಾಕೆ ಗಾಯದ ಗುರುತು ನೋಡಿ, "ಆಪರೇಷನ್ನಾ ಮೇಡಂ?" ಎಂದಳು.

"ಹೂಂ. ಕಲ್ಲಿತ್ತು."

"ನಮ್ಮತ್ತೆಗೂ ಇತ್ತು. ಕಲ್ಲು ಹೋಯ್ತು, ಬಾಯಿ ಮಾತ್ರ ಹಾಗೇ ಇದೆ."

ಅಲ್ಲಿಂದ ಮಾತು ಅತ್ತೆಯ ಕಡೆ ತಿರುಗಿತು. ಹಾಯೆನಿಸಿತು. ಯಾರಿಗೂ ಏನೂ ಕೊಡದ ಹೆಂಗಸಾಗಿ ಸುಮ್ಮನೆ ಬೋರಲು ಮಲಗಿದ್ದೆ. ಗೊರಕೆಯೂ ಹೊಡೆದೆನಂತೆ.

ಊಟದ ಹೊತ್ತಿಗೆ ತಮ್ಮ ಹೇಳಿದ, "ನಮ್ಮನೆ ಮೇಲಿನ ರೂಮಿಗೆ ಪೇಂಟ್ ಮಾಡಿಸ್ತಿದೀನಿ ಅಕ್ಕ."

"ಯಾರಿಗೆ?"

"ಸುಮ್ನೆ."

ಅವನ ಹೆಂಡತಿ ತಟ್ಟೆಯಿಂದ ಕಣ್ಣೆತ್ತಲಿಲ್ಲ. ಇನ್ನೂ ಕೇಳಬೇಕಿತ್ತು. ಸುಸ್ತು... ಕೇಳಲಿಲ್ಲ.

ಏಪ್ರಿಲ್ 12

ನಿನ್ನೆ ಬರೆಯುವ ಸ್ಥಿತಿಯಲ್ಲಿರಲಿಲ್ಲ.

ನಾನು ಕಾರು ಕಲಿಸುವ ಡ್ರೈವಿಂಗ್ ಸ್ಕೂಲಿನ ಯಜಮಾನರಿಗೆ ಫೋನ್ ಮಾಡಿದ್ದೆ. ಮುಂದಿನ ತಿಂಗಳಿಂದ ಬರುತ್ತೇನೆ, ಬೆಳಗಿನ ಬ್ಯಾಚ್ ನನಗೇ ಇರಲಿ ಎನ್ನಲು. ಅವರು ತಡವರಿಸಿದರು.

"ನೀವು ಕೆಲಸ ಬಿಟ್ರಿ ಅಂತ ನಿಮ್ಮ ತಮ್ಮಾನೇ ಬಂದು ಹೇಳಿಹೋದ್ರಲ್ಲ ಮೇಡಂ? ಬೆಳಗಿನ ಬ್ಯಾಚಿಗೆ ಬೇರೆಯವರು ಬಂದಾಯ್ತು."

ಗಂಡ ಹೋದ ಮೇಲೆ ನನ್ನನ್ನು ನೆಟ್ಟಗೆ ನಿಲ್ಲಿಸಿದ್ದು ಆ ಕಾರಿನ ಎಡಗಡೆ ಸೀಟು. ಸ್ಟೀರಿಂಗ್ ಹಿಡಿದು ಅಳುವವರು, ಎದುರಿಗೆ ಲಾರಿ ಕಂಡರೆ ಕಣ್ಣು ಮುಚ್ಚುವವರು, ಬ್ರೇಕ್ ಎಂದರೆ ಆಕ್ಸಿಲರೇಟರ್ ಒತ್ತುವವರು — ಎಲ್ಲರಿಗೂ ಬೈದು, ಮುದ್ದು ಮಾಡಿ, ರಸ್ತೆಗೆ ಬಿಟ್ಟವಳು ನಾನು. ಈಗ ನನ್ನ ಬಾಳಿಗೆ ಬೇರೊಬ್ಬರು ಬ್ರೇಕ್ ಹಾಕಿದ್ದಾರೆ, ನನ್ನನ್ನು ಕೇಳದೆ.

ಲಾಬಿಯಲ್ಲೇ ಹಿಡಿದೆ ಅವನನ್ನು.

"ನನ್ನ ಕೆಲಸ ಬಿಡಿಸೋಕೆ ನೀನ್ಯಾರೋ?"

"ನಿನ್ನ ಒಳ್ಳೇದಕ್ಕೇ ಅಕ್ಕ. ಆ ಧೂಳು, ಆ ಹೊಗೆ... ಇನ್ನು ನೀನು ದುಡೀಬಾರ್ದು. ನಮ್ಮನೇಲಿ ರಾಣಿ ಥರ ಇರು. ನಿನ್ನ ಋಣ—"

"ಋಣ ಗಿಣ ಅಂದ್ರೆ ಇಲ್ಲೇ ಕಪಾಳಕ್ಕೆ ಬಿಗೀತೀನಿ."

"ಮತ್ತೇನ್ ಮಾಡ್ಲಿ ಹೇಳು! ನೀನು ಸೊಂಟ ಹಿಡ್ಕೊಂಡು ಏಳೋದು ನೋಡಿದ್ರೆ ನನಗೆ ಊಟ ಸೇರಲ್ಲ. ನಾನೇನ್ ಕೊಟ್ರೂ ಸಮ ಆಗಲ್ಲ."

"ಸಮ ಮಾಡು ಅಂತ ಯಾರು ಕೇಳಿದ್ರು? ನನ್ನ ಜೊತೆ ಕಿತ್ತಾಡೋ ತಮ್ಮ ಉಳೀಲಿ ಅಂತ ಕೊಟ್ಟೆ. ಅವನೆಲ್ಲಿ ಹೋದ? ದಿನಾ ನನ್ನ ಹೊಗಳ್ತಾ ಕೂತಿರೋ ಇವನ್ಯಾರು?"

ರಿಸೆಪ್ಷನ್ನಿನಾಕೆ ಮೆಲ್ಲಗೆ ಸಂಗೀತದ ಸದ್ದು ಏರಿಸಿದಳು. ತಮ್ಮ ಮುಖ ತಿರುಗಿಸಿಕೊಂಡು ಉರಿಬಿಸಿಲಿಗೆ ಹೊರಟೇಬಿಟ್ಟ, ಬರಿತಲೆಯಲ್ಲಿ. ಟೋಪಿ ಹಿಡಿದು ಅವನ ಹೆಂಡತಿ ಹಿಂದೆ ಓಡಿದಳು.

ಹೆಚ್ಚಾಯಿತೇನೋ. ಆಡಿದ್ದರಲ್ಲಿ ಸುಳ್ಳು ಮಾತ್ರ ಒಂದೂ ಇರಲಿಲ್ಲ.

ಏಪ್ರಿಲ್ 12, ಸಂಜೆ

ಅವನ ಹೆಂಡತಿ ಬಂದಿದ್ದಳು. "ಮಾತ್ರೆ ತಗೊಂಡ್ರು ಅತ್ತಿಗೆ. ಮಾತು ಮಾತ್ರ ಇಲ್ಲ."

ಮಂಚದ ತುದಿಗೆ ಕೂತಳು. ನಾನು ಬೈಯುತ್ತೇನೆಂದು ಕಾದಂತಿತ್ತು. ಆಮೇಲೆ ಅವಳೇ ಹೇಳಿದಳು:

"ನಿಮ್ಮ ಕೆಲಸ ಬಿಡಿಸೋದು ಬೇಡ ಅಂತ ಎಷ್ಟು ಹೇಳ್ದೆ, ಕೇಳ್ಲಿಲ್ಲ. ನಿಮಗಾದ್ರೂ ಹೇಳಬೇಕಿತ್ತು ನಾನು. ಮನೇಲೂ ದಿನಾ ನಿಮ್ಮದೇ ಭಜನೆ. ಸಾರಿಗೆ ಉಪ್ಪು ಜಾಸ್ತಿ ಆದ್ರೂ 'ನಮ್ಮಕ್ಕ ಎಷ್ಟು ಸಹಿಸಿದ್ಲು' ಅಂತಾರೆ. ನನಗೂ ಸಾಕಾಗಿದೆ ಅತ್ತಿಗೆ."

ನಗು ಬಂತು. ಅವಳಿಗೂ. ಆಮೇಲೆ ಅವಳು ಅತ್ತಳು. ಆಸ್ಪತ್ರೆಯ ಆ ದಿನಗಳಲ್ಲಿ ಇವಳು ಅತ್ತದ್ದನ್ನು ನಾನು ನೋಡಿರಲಿಲ್ಲ, ಪುರುಸೊತ್ತೇ ಇರಲಿಲ್ಲ ಇವಳಿಗೆ. ಬೆನ್ನು ಸವರಿದೆ. ಮೂವರೂ ದಣಿದಿದ್ದೇವೆ, ಅಷ್ಟೇ.

ಏಪ್ರಿಲ್ 13

ಯಜಮಾನರಿಗೆ ಮತ್ತೆ ಫೋನ್. ಬೇಡಿಕೊಳ್ಳಲು ಗಂಟಲು ಸರಿಮಾಡಿಕೊಂಡಿದ್ದೆ. ಅವರೇ ನಕ್ಕರು.

"ಈಗಷ್ಟೇ ನಿಮ್ಮ ತಮ್ಮ ಫೋನ್ ಮಾಡಿದ್ರು ಮೇಡಂ. 'ನಾನು ಹೇಳಿದ್ದು ತಪ್ಪು, ಅವಳಿಗೆ ಕೆಲಸ ಕೊಡಿ, ಇಲ್ದಿದ್ರೆ ನನಗೆ ಉಳಿಗಾಲ ಇಲ್ಲ' ಅಂದ್ರು. ಬೆಳಗಿನದು ಹೋಯ್ತು. ಸಂಜೆ ಬ್ಯಾಚ್ ಆಗುತ್ತಾ?"

ಸಂಜೆ ಟ್ರಾಫಿಕ್ ಹೊಸಬರಿಗೆ ಕೆಟ್ಟದ್ದು. ಆಗುತ್ತದೆ ಎಂದೆ.

ತಮ್ಮ ನನಗಿದನ್ನು ಹೇಳಿಲ್ಲ. ಊಟದಲ್ಲಿ ಎದುರಿಗೇ ಕೂತಿದ್ದ, ಮುಖ ಊದಿಸಿಕೊಂಡು. ನಾನೂ ಕೇಳಲಿಲ್ಲ. ನಾನು ತಂದಿಟ್ಟುಕೊಂಡಿದ್ದ ಸಿಹಿಯನ್ನು ಮಾತಿಲ್ಲದೆ ತನ್ನ ಕಡೆ ಎಳೆದುಕೊಂಡು ಪೂರ್ತಿ ತಿಂದ.

ಏಪ್ರಿಲ್ 15, ಬೆಳಿಗ್ಗೆ

ಹೊರಡುವ ದಿನ. ಬ್ಯಾಗು ತುಂಬಿಟ್ಟಿದ್ದೇನೆ. ದಣಿವು ಬಂದಾಗ ಇದ್ದಷ್ಟೇ ಇದೆ, ವಾಪಸ್ಸೂ ಜೊತೆಗೇ ಬರುತ್ತದೆ. ಇರಲಿ.

ಕೆಳಗೆ ಟ್ಯಾಕ್ಸಿ. ತಮ್ಮ ಕೂಗುತ್ತಿದ್ದಾನೆ, ಇಡೀ ರೆಸಾರ್ಟಿಗೆ ಕೇಳುವ ಹಾಗೆ: "ಅಕ್ಕಾ, ಇಳೀತೀಯೋ ಇಲ್ಲಾ ಬಿಟ್ಟು ಹೋಗ್ಲೋ?"

"ಹೋಗು" ಎಂದೆ ಬಾಲ್ಕನಿಯಿಂದ.

"ಇಷ್ಟು ವಯಸ್ಸಾದ್ರೂ ಹೊತ್ತಿಗೆ ಸರಿಯಾಗಿ ಹೊರಡೋಕೆ ಬರಲ್ಲ ನಿಂಗೆ!"

ಎಷ್ಟು ದಿನವಾಗಿತ್ತು ಈ ದನಿ ಕೇಳಿ. ಬೇಕೆಂದೇ ನಿಧಾನವಾಗಿ ಬರೆಯುತ್ತಿದ್ದೇನೆ. ಇನ್ನೂ ಎರಡು ಸಲ ಬೈಯಲಿ. ಮೆಟ್ಟಿಲ ಮೇಲೆ ಧಡಧಡ ಸದ್ದು — ಅವನೇ. ಬಾಗಿಲು ಮುರಿಯುವ ಹಾಗೆ ತಟ್ಟುತ್ತಿದ್ದಾನೆ. ಆ ತೋಳಿಗೆ ಈ ಬಲ ಬರಲೆಂದೇ ನಾನು ಕೊಟ್ಟದ್ದು. ಸಾಕು, ಬಾಗಿಲು ತೆಗೆಯುತ್ತೇನೆ.